ಹದ್ದಿನ ಪಹಣಿ

ಜನವರಿ ೧೮, ಭಾನುವಾರ. ಅಂಡಮಾನ್, ಪುಟ್ಟ ಹಡಗಿನ ಕೋಣೆ.

ಭಾವನ ಜೊತೆ ಇನ್ನೆಲ್ಲಿಗೂ ಬರಬಾರದು. ದೇವನಹಳ್ಳಿಯಲ್ಲಿ ಸೈಟು ಮಾರುವ ಮನುಷ್ಯನಿಗೆ ಸಮುದ್ರವೂ ಲೇಔಟೇ. ಬೆಳಿಗ್ಗೆ ಬೋಟಿನಲ್ಲಿ ದ್ವೀಪವೊಂದರ ಹತ್ತಿರ ಹೋದಾಗ, ಅಲ್ಲಿನ ಮರದಲ್ಲಿ ಕಡಲ ಹದ್ದಿನ ಗೂಡಿದೆ ಎಂದು ಗೈಡ್ ಪಿಸುಗುಟ್ಟಿದರೆ, ಇವರು ಎಲ್ಲರೆದುರು, "ಶಿಲ್ಪಾ, ಈ ಜಾಗದ ಪಹಣಿ ಯಾರ ಹೆಸರಲ್ಲೈತೆ ಕೇಳಮ್ಮ" ಎಂದರು. ಥೂ! ನಾನು ಕೇಳಿಸದವಳಂತೆ ದುರ್ಬೀನು ಹಿಡಿದು ನಿಂತೆ.

ಹದ್ದು ಕಿರುಚುತ್ತಾ ನಮ್ಮ ತಲೆಯ ಮೇಲೆ ಸುತ್ತತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಭಾವ ಮಾತ್ರ ಗಾಬರಿಯಾಗಿ, "ಅದು ಆಟ ಆಡ್ತಿಲ್ಲ ಕಣಮ್ಮ, ಜಾಗ ಬಿಟ್ಟು ನಡೀರಿ ಅಂತೈತೆ. ಬೋಟ್ ಹಿಂದಕ್ಕೆ ತಗೊಳ್ಳೋಕೆ ಹೇಳು" ಎಂದರು. ಗೈಡ್‌ಗೆ ಹೇಳಿದೆ. ಅವನೂ ಹೌದೆಂದು ಬೋಟ್ ಹಿಂದಕ್ಕೆ ತೆಗೆಸಿದ.

ಈ ಮನುಷ್ಯನನ್ನು ಎಷ್ಟು ರೈತರು ಹೊಲದಿಂದ ಅಟ್ಟಿದ್ದಾರೋ, ಅದಕ್ಕೇ ಗೊತ್ತಾಗಿದೆ. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಇನ್ನಷ್ಟು ಬೈಯೋಣವೆಂದು ಕೂತರೆ, ನನ್ನ ಚಪ್ಪಾಳೆಯೇ ಕಿವಿಯಲ್ಲಿ...