ಒಂದು ಕಲ್ಲಿನ ಜಾಗ

ಮಾರ್ಚ್ 3, ಮಂಗಳವಾರ

ಮೊಂಡಿಗೆ ಅಜ್ಜಿಯ ಆಶೀರ್ವಾದ.

ಫೋನು ಸಿಗದ ಜಾಗ ಹುಡುಕಿಕೊಂಡು ಹೋಗಿ ಕೂತವಳು ನೀನು, ಪೆನ್ನು ಹಿಡಿದು ಒದ್ದಾಡಬೇಕಾದವಳು ನಾನು. ಯಾವ ನ್ಯಾಯ ಇದು? ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ! ತಡವಾಯಿತು ಅಂತ ಕ್ಷಮೆಗಿಮೆ ಕೇಳುವುದಿಲ್ಲ. ಮನೆಯಲ್ಲಿರುವುದು ಒಂದೇ ಕನ್ನಡಕ. ನಿನ್ನ ಫೋಟೋ ಬಂದಾಗಿನಿಂದ ಅದು ನಿನ್ನ ತಾತನ ಮೂಗು ಬಿಟ್ಟು ಇಳಿದಿಲ್ಲ.

ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಚೆನ್ನಾಗಿಲ್ಲ, ಅದರ ಸುದ್ದಿ ಬೇಡ.

ಹೊರದೇಶ ಸುತ್ತುತ್ತೇನೆ ಅಂತ ಹೊರಟವಳು ಯಾರದೋ ಕುರಿ ಸಾಕುವ ಜಮೀನಿನಲ್ಲಿ ಸೇರಿಕೊಂಡಿದ್ದೀಯ, ದುಡಿದರೆ ಊಟ, ಮಲಗಲು ಜಾಗ ಅಷ್ಟೇ, ಕೂಲಿ ಇಲ್ಲ ಅಂತ ತಿಳಿದ ದಿನ ನಿಮ್ಮಮ್ಮನ ಜೀವ ತಿಂದುಬಿಟ್ಟೆ. “ಜೀತಕ್ಕೆ ಇಟ್ಕೊಂಡಿದಾರೆ ಕಣೇ, ಹೋಗಿ ಬಿಡಿಸ್ಕೊಂಡು ಬಾ” ಅಂದೆ.

“ಅಮ್ಮಾ, ಅವಳೇ ಇಷ್ಟಪಟ್ಟು ಹೋಗಿರೋದು” ಅಂದಳು.

“ಹಾಗಾದ್ರೆ ಇಲ್ಲಿದ್ದಾಗ ಬಚ್ಚಲು ಉಜ್ಜೋಕೆ ಯಾಕೆ ಇಷ್ಟ ಇರ್ಲಿಲ್ಲ?” ಅಂತ ಕೇಳಿದೆ.

ಆಮೇಲೆ ನಿನ್ನ ಕಾಗದ, ಫೋಟೋ ಬಂತು. ಬಿದ್ದುಹೋದ ಬೇಲಿಗೋಡೆಯನ್ನು ನೀನೇ ಎತ್ತಿ ಕಟ್ಟುತ್ತಿದ್ದೀಯ, ಜಮೀನಿನ ಮುದುಕಿ ಹೇಳಿಕೊಡುತ್ತಾಳೆ, ಸಿಮೆಂಟಿಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು ಅಂತ ಬರೆದಿದ್ದೆ. ಸುಳ್ಳು ಅಂದುಕೊಂಡೆ. ಹಿತ್ತಲಲ್ಲಿದ್ದ ಕಲ್ಲುಗಳನ್ನು ನಾನೂ ಹಾಗೇ ಜೋಡಿಸಿ ನೋಡಿದೆ. ಮಂಡಿಯೆತ್ತರ ಬರುವಷ್ಟರಲ್ಲಿ ದಡಾರನೆ ಕುಸಿದು ಹೊಸ ಬಕೆಟ್ಟು ಚಪ್ಪಟೆಯಾಯಿತು. ನನ್ನದು ಬಿತ್ತು, ನಿನ್ನದು ನಿಂತಿದೆ. ಅವತ್ತು ನಾನು ಬಕೆಟ್ಟಿಗೆ ಅಳಲಿಲ್ಲ ಕಣೇ, ನಗುತ್ತಾ ಕೂತಿದ್ದೆ.

ಫೋಟೋ ನೋಡಿ ತಾತ ಮೊದಲು ಏನು ಹೇಳಿದರು ಗೊತ್ತಾ? “ಕಲ್ಲು ಚೆನ್ನಾಗಿ ಕೂತಿದೆ. ಯಾವ ಮೇಸ್ತ್ರಿ ಕಟ್ಟಿದ್ದು?”

“ನಿಮ್ಮ ಮೊಮ್ಮಗಳು.”

“ಹೋಗೇ. ಯಾರೋ ಕಟ್ಟಿರ್ತಾರೆ, ಇವಳು ಪಕ್ಕದಲ್ಲಿ ನಿಂತು ಹಲ್ಲು ಕಿರಿದಿದಾಳೆ.”

“ಹಲ್ಲು ಬಿಡಿ, ಉಗುರು ನೋಡಿ” ಅಂದೆ.

ಗೋಡೆಯ ಮೇಲಿಟ್ಟ ನಿನ್ನ ಹೆಬ್ಬೆರಳ ಉಗುರು ಕಪ್ಪಗಾಗಿದೆಯಲ್ಲ, ಅದನ್ನು ನೋಡಿದರು. ಮೇಸ್ತ್ರಿಯಾಗಿ ಜೀವನ ತೆಗೆದವರು, ಅದು ಕಲ್ಲಿನಡಿ ಸಿಕ್ಕಿದ ಉಗುರು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ತಮ್ಮ ಹೆಬ್ಬೆರಳನ್ನೂ ಒಮ್ಮೆ ನೋಡಿಕೊಂಡರು. ಎದ್ದು, ಫೋಟೋ ಜೇಬಿಗೆ ಹಾಕಿಕೊಂಡು ಕ್ಷೌರದಂಗಡಿಗೆ ನಡೆದರು. ತಲೆಯಲ್ಲಿ ಕೂದಲೇ ಇಲ್ಲ, ಆದರೂ ದಿನಾ ಹೋಗುತ್ತಿದ್ದಾರೆ.

ಮೊನ್ನೆ ಬೀದಿಯಲ್ಲಿ ಕ್ಷೌರದವನು ಕರೆದ. “ಅಜ್ಜೀ, ಗಡ್ಡಕ್ಕೆ ಸೋಪು ಹಚ್ಚಿಸ್ಕೊಂಡು ಕೂತವರನ್ನೂ ನಿಮ್ಮ ಯಜಮಾನ್ರು ಬಿಡ್ತಿಲ್ಲ. ‘ನನ್ನ ಕೈಗುಣ ಮೊಮ್ಮಗಳಿಗೆ ಬಂದಿದೆ’ ಅಂತ ಎಲ್ರಿಗೂ ಫೋಟೋ ತೋರಿಸ್ತಾರೆ.”

ಅವರ ಕೈಗುಣವಂತೆ! ಕೇಳಿದ ಕ್ಷಣ ಮೈ ಉರಿದುಹೋಯಿತು. ಮನೆಗೆ ಬಂದು ಕನ್ನಡಕ ಕಿತ್ತುಕೊಂಡೆ. ಅದಕ್ಕೇ ಈ ಕಾಗದ.

ನಲವತ್ತು ವರ್ಷ ನಾನು ತಲೆಯ ಮೇಲೆ ಕಲ್ಲು ಹೊತ್ತೆ, ಗಾರೆಯ ಬಾಂಡ್ಲಿ ಹೊತ್ತೆ. ಈ ಊರಿನಲ್ಲಿ ನಾನು ಕಲ್ಲು ಹೊರದ ಗೋಡೆ ಕಡಿಮೆ. ಕಟ್ಟಿದ ಗೋಡೆ ಒಂದೂ ಇಲ್ಲ. ಹೆಂಗಸು ಹೊರಬೇಕು, ಗಂಡಸು ಕಟ್ಟಬೇಕು. ಗಾರೆ ಬಳಿಯುವ ಕರಣೆಯನ್ನು ತೊಳೆದಿಡಲು ಮಾತ್ರ ನನ್ನ ಕೈಗೆ ಕೊಡುತ್ತಿದ್ದರು. ನೀನು ಹೊತ್ತದ್ದೂ ನೀನೇ, ಕಟ್ಟಿದ್ದೂ ನೀನೇ. ಬೀದಿಯಲ್ಲಿ ನಾನೀಗ ಹೇಗೆ ನಡೆಯುತ್ತೇನೆ ಅಂತ ನೀನು ನೋಡಬೇಕಿತ್ತು. ಮಂಡಿ ನೋವಿದ್ದವಳ ನಡಿಗೆಯಲ್ಲ ಅದು.

ಬೆರಳು ಜೋಪಾನ. ಸೊಂಟಕ್ಕೆ ಬಟ್ಟೆ ಬಿಗಿದು ಕಲ್ಲೆತ್ತು. ಆ ಮುದುಕಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕೈ ಎಂದೂ ಸೋಲದಿರಲಿ.

ನಿನಗಿಂತ ಮೊಂಡಿ,
ಅಜ್ಜಿ

ಮತ್ತೊಂದು ಮಾತು. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಅವಳು ಹುಟ್ಟುವ ಮೊದಲು, ಒಂದು ಶಾಲೆಯ ಕಾಂಪೌಂಡು ಕಟ್ಟುವಾಗ, ತಾತ ಟೀ ಕುಡಿಯಲು ಹೋಗಿದ್ದರು. ಅವರು ಬರುವಷ್ಟರಲ್ಲಿ ನಾನು ಒಂದು ಸಾಲು ಕಲ್ಲು ಕೂರಿಸಿದ್ದೆ. ಬಂದವರು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದರು. ನೆಟ್ಟಗಿತ್ತು. ನೆಟ್ಟಗಿದೆ ಅಂತ ನೋಡಿದ ಮೇಲೆ, ಕೆಲಸದವರೆಲ್ಲ ನಗುತ್ತಿರುವಾಗ, ಕಾಲಿನಿಂದ ಒದ್ದು ಬೀಳಿಸಿದರು. ಆಮೇಲೆ ಅವೇ ಕಲ್ಲುಗಳನ್ನು, ನಾನಿಟ್ಟ ಹಾಗೇ, ಒಂದೊಂದಾಗಿ ತಾವೇ ಇಟ್ಟರು. ನಾನು ಬಾಂಡ್ಲಿಯಲ್ಲಿ ಗಾರೆ ತಂದು ಕೊಟ್ಟೆ.

ಮುಂದಿನ ತಿಂಗಳು ನಿಮ್ಮಮ್ಮ ನಿನ್ನನ್ನು ನೋಡಲು ಬರುವಾಗ ನಾನೂ ಬರುತ್ತೇನೆ. ಪಾಸ್‌ಪೋರ್ಟು ಬಂದಿದೆ. ಆ ಗೋಡೆಯನ್ನು ಪೂರ್ತಿ ಮುಗಿಸಬೇಡ. ಮೇಲಿನ ಸಾಲಿನಲ್ಲಿ ಒಂದು ಕಲ್ಲಿನ ಜಾಗ ಬಿಡು. ಬಿಡುತ್ತೀಯೋ ಇಲ್ಲವೋ, ಕಾಗದ ಬರೆಯುತ್ತೀಯೋ, ಪೇಟೆಗೆ ನಡೆದು ಫೋನು ಮಾಡುತ್ತೀಯೋ ನಿನಗೆ ಬಿಟ್ಟಿದ್ದು. ಈ ತಿಂಗಳ ಇಪ್ಪತ್ತೆಂಟನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.