ನಮ್ಮಮ್ಮನ ಸಿನಿಮಾ ನೋಡಿದ ನೂರಾ ಹನ್ನೆರಡು ಕುರ್ಚಿಗಳು

ಚಿತ್ರೋತ್ಸವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮಮ್ಮ ನಟಿಸಿದ ಹೊಸ ಸಿನಿಮಾವನ್ನು ನಿಮ್ಮ ಉತ್ಸವದಲ್ಲಿ ನೂರಾ ಹನ್ನೆರಡು ಖಾಲಿ ಕುರ್ಚಿಗಳು ನೋಡಿದವು, ನಮ್ಮಮ್ಮ ನೋಡಲಿಲ್ಲ. ಇದೇ ನನ್ನ ದೂರು.

ನಮ್ಮಮ್ಮ ಬೀದಿ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಹೋದ ವರ್ಷ ಒಬ್ಬ ನಿರ್ದೇಶಕಿ ಅಂಗಿ ಇಸ್ತ್ರಿಗೆ ಕೊಡಲು ಬಂದು, ಅವಳ ಮುಖ ನೋಡಿ, ಅಂಗಿ ಮರೆತು ಅವಳನ್ನೇ ಕರೆದುಕೊಂಡು ಹೋದರು. ಒಂದೇ ದೃಶ್ಯ, ಒಂದೇ ಮಾತು: ಬಾಗಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕರೆಯುವುದು. ಅದನ್ನು ಪರದೆಯ ಮೇಲೆ ನೋಡಲೆಂದೇ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಉತ್ಸವದ ದಿನ ಗೇಟಿನಲ್ಲಿ ನಿಮ್ಮ ಸ್ವಯಂಸೇವಕ ಪಾಸ್ ಕೇಳಿದ. ಅವಳು ಅವನ ಬೆನ್ನ ಹಿಂದಿನ ಹತ್ತಡಿ ಪೋಸ್ಟರ್ ತೋರಿಸಿ, "ಅದು ನಾನೇ ಕಣಪ್ಪ" ಅಂದಳು. ಅವನು ಪೋಸ್ಟರ್ ನೋಡಿದ, ಅವಳನ್ನೂ ನೋಡಿದ. "ಹೋಲಿಕೆ ಇದೆ ಅಜ್ಜಿ. ಆದ್ರೆ ಪೋಸ್ಟರ್ ಮೇಲೆ ಸಮಿತಿ ಸೀಲ್ ಇಲ್ವಲ್ಲ" ಅಂದ. ನಿರ್ದೇಶಕಿಯನ್ನು ಕರೆಸೋಣವೆಂದರೆ ಅವರನ್ನು ನೀವು ಸನ್ಮಾನಕ್ಕೆಂದು ಪಕ್ಕದ ಸಭಾಂಗಣದಲ್ಲಿ ಕೂರಿಸಿಕೊಂಡಿದ್ದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ದೇವರಿಗೇ ಭಾಷಣ ಕೇಳಿಸುತ್ತಿದ್ದರು.

ನಾನು ಕುರ್ಚಿ ರಿಪೇರಿಯವನು. ನಿಮ್ಮ ಚಿತ್ರಮಂದಿರದ ಸೀಟುಗಳಿಗೆ ಸ್ಪಂಜು ತುಂಬಿ ಹೊಲಿದವನು ನಾನೇ. ಅಷ್ಟರಲ್ಲಿ ಮ್ಯಾನೇಜರು ಹೊರಗೆ ಬಂದು, ಅಮ್ಮನ ಜೊತೆ ನಿಂತಿದ್ದ ನನ್ನನ್ನು ಕಂಡು, "ಮೀಸಲು ಸಾಲುಗಳಲ್ಲಿ ಒಂದು ಸೀಟು ಕಿತ್ತೋಗಿದೆ, ಬೇಗ ಬಾ" ಎಂದರು. ಜೊತೆಗೊಂದು ಷರತ್ತು: "ಪಾಸ್ ಇಲ್ಲದೋರು ಪರದೆ ನೋಡೋ ಹಾಗಿಲ್ಲ. ಬೆನ್ನು ಹಾಕ್ಕೊಂಡು ಕೆಲಸ ಮಾಡು." ಹಾಗೇ ಕೂತೆ. ಎದುರಿಗೆ ನೂರಾ ಹನ್ನೆರಡು ಕುರ್ಚಿಗಳು, ಪ್ರತಿಯೊಂದರ ಮೇಲೂ 'ಗಣ್ಯರಿಗೆ' ಎಂಬ ಚೀಟಿ. ಗಣ್ಯರು ಮಾತ್ರ ಒಬ್ಬರೂ ಇಲ್ಲ. ಪಾಸ್ ಇದ್ದವರು ಗೋಡೆಗೊರಗಿ ನಿಂತಿದ್ದರು. ಯಾರೂ ಕೂರದ ಸೀಟು ಕಿತ್ತುಹೋದದ್ದಾದರೂ ಹೇಗೆ ಸ್ವಾಮಿ? ಚೀಟಿಯ ಭಾರಕ್ಕೇ?

ಮೂರನೆಯ ಮೊಳೆ ಹೊಡೆಯುವಾಗ ಹಿಂದಿನಿಂದ ನಮ್ಮಮ್ಮನ ದನಿ ಬಂತು: "ಊಟಕ್ಕೆ ಬಾರೋ ಮಗನೇ, ಎಷ್ಟೊತ್ತು ಕಾಯ್ಲಿ?" ನಲವತ್ತಾರು ವರ್ಷದ ಅಭ್ಯಾಸ. "ಬಂದೆ ಕಣಮ್ಮ" ಎಂದು ತಿರುಗಿಬಿಟ್ಟೆ. ಅಷ್ಟರಲ್ಲಿ ಪರದೆಯ ಮೇಲೆ ಬರೀ ಬಾಗಿಲಿತ್ತು. ಪಾಸಿಲ್ಲದೆ ವೀಕ್ಷಿಸಿದ್ದು ಒಂದು, ಪಾತ್ರದೊಂದಿಗೆ ಸಂಭಾಷಿಸಿದ್ದು ಇನ್ನೊಂದು. ಎರಡು ಅಪರಾಧ ಬರೆದುಕೊಂಡು ನನ್ನನ್ನು ಹೊರಗೆ ಹಾಕಿದರು. ತಾಯಿ ಕರೆದಾಗ ತಿರುಗಲು ಯಾವ ಸಮಿತಿಯ ಅನುಮತಿ ಬೇಕಿತ್ತು?

ಗೇಟಿನಲ್ಲಿ ಅಮ್ಮ ಹೊಸ ಕನ್ನಡಕ ಒರೆಸುತ್ತಾ ನಿಂತಿದ್ದಳು. "ಹೇಗೆ ಕಾಣ್ತೀನೋ?" ಎಂದಳು. "ಚೆನ್ನಾಗಿ ಕಾಣ್ತೀಯಮ್ಮ" ಎಂದು ಸುಳ್ಳು ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು, "ಅವತ್ತು ನಾನು ಕರೆಯೋದಷ್ಟೇ ತೆಗೆದ್ರು. ಆ ಮಗ ಊಟಕ್ಕೆ ಬಂದ್ನಾ?" ಎಂದು ಕೇಳಿದಳು. ಅದಕ್ಕೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಅಮ್ಮನೇ ನಿರ್ದೇಶಕಿಯವರನ್ನು ಕೇಳಿದರೆ, "ಹೇಳಿದ್ರೆ ಮಜಾ ಹೋಗುತ್ತೆ ಅಜ್ಜಿ, ನೋಡೇ ತಿಳ್ಕೊಳ್ಳಿ" ಎನ್ನುತ್ತಾರೆ.

ಆದ್ದರಿಂದ ಸಿನಿಮಾವನ್ನು ಮತ್ತೊಮ್ಮೆ ತೋರಿಸಿ, ಒಂದು ಚೀಟಿ ಕಿತ್ತು ಅವಳನ್ನು ಕೂರಿಸಬೇಕು. ಅದೂ ಆಗದಿದ್ದರೆ ಒಂದು ಸಾಲು ಬರೆದು ತಿಳಿಸಿ: ಮಗ ಬಂದನೇ? ಭಾಷಣದ ಗಡಿಬಿಡಿಯಲ್ಲಿ ನೀವೂ ನೋಡಿರಲಿಕ್ಕಿಲ್ಲ. ನಿಮ್ಮ ಕುರ್ಚಿಯನ್ನು ಕೇಳಿ, ಅದು ಪೂರ್ತಿ ನೋಡಿದೆ. ಸ್ವಲ್ಪ ಬೇಗ ಕೇಳಿ. ಅಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕಾಯುತ್ತಿದ್ದಾಳೆ.

ಇಂತಿ,
ಕರೆದಾಗ ತಿರುಗಿ ನೋಡಿದ ತಪ್ಪಿಗೆ ಹೊರಬಿದ್ದ,
ನಿಮ್ಮ ಕುರ್ಚಿ ರಿಪೇರಿಯವ