ಇಟ್ಟಿದ್ದೋ, ಬಂದಿದ್ದೋ

ಗುಡೂರು
೮ ಜನವರಿ ೨೦೨೫

ಪ್ರೀತಿಯ ಸೊಸೆ ವಿದ್ಯಾಗೆ, ನಿನ್ನ ಅತ್ತೆ ಮಾಡುವ ಆಶೀರ್ವಾದ.

ಆರೋಗ್ಯ ಹೇಗಿದೆ? ಪುಣೆಯ ಚಳಿಗೆ ಕೆಮ್ಮು ಮತ್ತೆ ಶುರುವಾಗಿರಬೇಕು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ದೂಡುತ್ತೀಯೋ? ಇಲ್ಲಿ ಎಲ್ಲರೂ ಆರಾಮ. ನಿನ್ನ ಮಾವನವರ ಮೊಣಕಾಲು ಮಾತ್ರ ಕುರಿಯ ಹಿಂದೆ ಹೋಗಲು ಒಲ್ಲೆ ಅನ್ನುತ್ತಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಿನ್ನ ಗಂಡ ಬೀರೇಶ ಇಲ್ಲಿ ನನ್ನ ಪಕ್ಕದಲ್ಲೇ ಕಿವಿ ನೆಟ್ಟು ಕೂರುತ್ತಾನೆ. ಅದಕ್ಕೇ ಈ ಕಾಗದ.

ದೀಪಾವಳಿಗೆ ಬಂದಾಗ ನೀನು ಹೇಳಿದ್ದೆಲ್ಲ ನೆನಪಿದೆ. ನಕ್ಷತ್ರಗಳು ಕಿಕ್ಕಿರಿದ ಗುಂಪೊಂದರಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ ಒಂದಾಗಿಹೋದವು, ಅದರಿಂದ ಎದ್ದ ಗುರುತ್ವದ ಅಲೆ ನೂರಾರು ಕೋಟಿ ವರ್ಷ ಸಾಗಿ ಬಂದು ಭೂಮಿಯ ಯಂತ್ರಕ್ಕೆ ತಾಗಿತು, ಅದನ್ನು ಮೊದಲು ಗುರುತಿಸಿದವಳು ನೀನು. ಅಕ್ಕಪಕ್ಕದ ನಕ್ಷತ್ರಗಳೇ ನೂಕಿ ತಳ್ಳಿ ಅವೆರಡನ್ನೂ ಜೋಡಿ ಮಾಡಿರಬೇಕು ಎಂದೆಯಲ್ಲ, ನಿಮ್ಮ ಮದುವೆಯಲ್ಲಿ ನೆಂಟರು ಮಾಡಿದ್ದೂ ಅದೇ ಎಂದು ನಾನು ನಕ್ಕಿದ್ದೆ. ಮರುದಿನ ಊರಿಗೆಲ್ಲ ಡಂಗುರ ಸಾರಿದೆ.

ಆದರೆ ಹೊರಡುವಾಗ ನೀನು ಮೆಲ್ಲಗೆ ಇನ್ನೊಂದು ಮಾತು ಹೇಳಿದೆ. ನೀವು ಎಚ್ಚರವಾಗಿದ್ದೀರೋ ಇಲ್ಲವೋ ನೋಡಲು ನಿಮ್ಮ ಸಂಸ್ಥೆಯ ಹಿರಿಯರೇ ಕೆಲವೊಮ್ಮೆ ಗುಟ್ಟಾಗಿ ಯಂತ್ರದೊಳಗೆ ಸುಳ್ಳು ಅಲೆ ಸೇರಿಸುತ್ತಾರಂತೆ, ಕೊನೆಗೆ ಸಭೆ ಕರೆದು ಖರೆಯೋ ಸುಳ್ಳೋ ಹೇಳುತ್ತಾರಂತೆ. ಅಂದಿನಿಂದ ನಿಮ್ಮ ಆ ದೊಡ್ಡ ಸರ್ ಮೇಲೆ ನನಗೆ ನಂಬಿಕೆಯಿಲ್ಲ. ನೀನು ತೋರಿಸಿದ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಆತ ಒಬ್ಬ ನಿಮ್ಮನ್ನು ನೋಡುತ್ತಿದ್ದ.

ಇಂಥ ಪರೀಕ್ಷೆ ನನಗೇನು ಹೊಸದಲ್ಲ. ನಾನು ಈ ಮನೆಗೆ ಬಂದ ವರ್ಷ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಅತ್ತೆಯ ಬಂಗಾರದ ಬುಗುಡಿ ಸಿಕ್ಕಿತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಕೊಟ್ಟೆ. "ಹೌದ? ಅಲ್ಲೇ ಇತ್ತೇನ?" ಎಂದಷ್ಟೇ ಹೇಳಿ ಕಿವಿಗೆ ಹಾಕಿಕೊಂಡಳು. ಹೊಸ ಸೊಸೆಯ ಕೈ ಶುದ್ಧವೋ ಎಂದು ಹೀಗೆ ನೋಡುವ ಅತ್ತೆಯರು ಆಗ ಇದ್ದರು. ಆಕೆ ಇಟ್ಟಿದ್ದಳೋ, ತಾನಾಗಿ ಬಿದ್ದಿತ್ತೋ, ಸಾಯುವವರೆಗೂ ಬಾಯಿ ಬಿಡಲಿಲ್ಲ. ಇಂದಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ನಾನು ಮಾಡಿದ್ದಾದರೂ ಏನು? ಸಿಕ್ಕಿದ್ದನ್ನು ಸಿಕ್ಕಿತು ಎಂದೆ. ನೀನೂ ಅಷ್ಟೇ ಮಾಡಿದ್ದು.

ಮಾವನವರು ನಿನ್ನನ್ನು ಬಹಳ ನೆನೆಸುತ್ತಾರೆ. ಹೊರಗೆ ಹೋಗುವಾಗ ಕಿವಿ ಮುಚ್ಚಿಕೊ. ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ
ರೇಣವ್ವ

ತಾ.ಕ.: ಕಾಗದ ಅಂಚೆಗೆ ಹಾಕಲು ಬೀರೇಶ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಆ ಸಭೆ ಆಗಿಹೋಗಿದೆ, ನಿನ್ನ ಅಲೆ ಸುಳ್ಳೆಂದು ಹೇಳಿಬಿಟ್ಟಿದ್ದಾರೆ ಎಂದು ನನಗೆ ಗುಮಾನಿ. ಇಲ್ಲದಿದ್ದರೆ ಎಳ್ಳಮಾವಾಸ್ಯೆಗೆ ಬರುತ್ತೇನೆ ಎಂದವಳು "ಭಾಳ ಕೆಲಸ ಐತ್ರಿ ಅತ್ತಿ" ಎಂದು ಯಾಕೆ ತಪ್ಪಿಸಿಕೊಂಡೆ? ಊರಿಗೆ ಹೇಳಿದವಳು ನಾನು. ಅದು ಖರೆ ಅಲ್ಲವಂತೆ ಎಂದು ಹೇಳುವವಳೂ ನಾನೇ, ನಿನ್ನನ್ನು ಯಾರೂ ಕೇಳದಂತೆ ನೋಡಿಕೊಳ್ಳುತ್ತೇನೆ. ಸಂಕ್ರಮಣಕ್ಕೆ ಬಾ. ಅಳುವುದಿದ್ದರೆ ಮನೆಗೆ ಬಂದು ಅಳು.